20 ತಿಂಗಳ ಮಗು, ಐದೇ ಮಾತು: ನೋಡಿಕೊಳ್ಳುವಾಕೆಯನ್ನು ಬದಲಿಸಬೇಕೇ?

ಪ್ರಶ್ನೆ: ನನ್ನ ಮಗನಿಗೆ ಈಗ 20 ತಿಂಗಳು. ಅವನಿಗೆ ಎಂಟು ತಿಂಗಳಾಗಿದ್ದಾಗ ನಾನು ಕೆಲಸಕ್ಕೆ ವಾಪಸ್ ಹೋದೆ. ಅಂದಿನಿಂದ ಬೆಳಿಗ್ಗೆ 9ರಿಂದ ಸಂಜೆ 6ರ ತನಕ ಒಬ್ಬಾಕೆ ಮನೆಗೆ ಬಂದು ನೋಡಿಕೊಳ್ಳುತ್ತಾರೆ. ಮನಸ್ಸು ಒಳ್ಳೆಯದು, ಮಗುವಿನ ಮೇಲೆ ಪ್ರೀತಿಯೂ ಇದೆ. ಓದು ಕಡಿಮೆ. ಅವರ ಮನೆಮಾತು ಬೇರೆ. ಅಡುಗೆ, ಮನೆ ಕೆಲಸವೂ ಅವರದೇ. ಮಗ ಇನ್ನೂ ಐದೇ ಮಾತು ಆಡುತ್ತಾನೆ, ಅದರಲ್ಲಿ ಎರಡು ಅವರ ಭಾಷೆಯವು. ನಾವು ಹೇಳಿದ್ದು ಅವನಿಗೆ ಅರ್ಥವಾಗುತ್ತದೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನೆ. ಊಟಕ್ಕೆ ಫೋನ್ ಬೇಕೇ ಬೇಕು. ದಿನಕ್ಕೆ ಎರಡು ಮೂರು ಗಂಟೆ ನೋಡುತ್ತಿರಬಹುದು. ಮನೆಯ ಹಿರಿಯರು "ಗಂಡು ಮಕ್ಕಳಿಗೆ ಮಾತು ತಡ, ಅವರಪ್ಪನೂ ಹಾಗೇ ಇದ್ದ" ಅನ್ನುತ್ತಾರೆ. ಗೆಳತಿ "ಎರಡು ಭಾಷೆ ಕೇಳಿ ಗೊಂದಲವಾಗಿದೆ" ಅನ್ನುತ್ತಾಳೆ. ಮೊನ್ನೆ ಬಿದ್ದು ಅತ್ತಾಗ ನಾನು ಎದುರಿಗೇ ಇದ್ದರೂ ಆಕೆಯ ಹತ್ತಿರ ಓಡಿದ. ಆಕೆಯನ್ನು "ಅಮ್ಮ" ಅಂದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೆಲಸ ಬಿಡಲೇ? ಡೇಕೇರ್‌ಗೆ ಸೇರಿಸಲೇ? ಓದಿಕೊಂಡ ಬೇರೆಯವರನ್ನು ಇಟ್ಟುಕೊಳ್ಳಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಮಗನಿಗೆ ಮಾತು ತಡವಾಗುತ್ತಿದೆಯಾ ಅನ್ನುವುದು ಒಂದು. ಮಗ ನಿಮ್ಮಿಂದ ದೂರವಾಗುತ್ತಿದ್ದಾನಾ ಅನ್ನುವುದು ಇನ್ನೊಂದು. ಆಕೆಯನ್ನು ಬದಲಿಸಿದರೆ ಎರಡೂ ಸರಿಹೋಗಬಹುದು ಅಂತ ನಿಮಗೆ ಅನ್ನಿಸಿದೆ. ನನಗೆ ಹಾಗೆ ಕಾಣುವುದಿಲ್ಲ. ಮೊದಲನೆಯದಕ್ಕೆ ಮಾಡಬೇಕಾದ ಕೆಲಸ ಇದೆ, ಈ ತಿಂಗಳೇ ಶುರು ಮಾಡಬೇಕು. ಎರಡನೆಯದರ ನೋವು ನಿಜ. ಆದರೆ ನೀವು ಕಂಡದ್ದಕ್ಕೆ ಕೊಟ್ಟುಕೊಂಡ ಅರ್ಥ ಬೇರೆ, ಅದರ ನಿಜವಾದ ಅರ್ಥ ಬೇರೆ.

ಮೊದಲು ಮಾತಿನ ವಿಷಯ. ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಮೊದಲ ಪದ ಬರುತ್ತದೆ. ಒಂದೂವರೆ ವರ್ಷಕ್ಕೆ ಹೆಚ್ಚಿನ ಮಕ್ಕಳ ಬಾಯಲ್ಲಿ ಹತ್ತಕ್ಕಿಂತ ಜಾಸ್ತಿ ಪದಗಳಿರುತ್ತವೆ. ಎರಡು ವರ್ಷ ತುಂಬುವಾಗ ಸುಮಾರು 50 ಪದ, ಜೊತೆಗೆ "ಅಪ್ಪ ಬಾ", "ಇನ್ನೂ ಬೇಕು" ಅನ್ನುವಂಥ ಎರಡು ಪದದ ಜೋಡಣೆ. ಈ ಲೆಕ್ಕದಲ್ಲಿ ನಿಮ್ಮ ಮಗ ಹಿಂದೆ ಇದ್ದಾನೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ನೀವು ಬರೆದ ಎರಡು ಮಾತು ನನಗೆ ತುಂಬಾ ಧೈರ್ಯ ಕೊಟ್ಟವು: ಹೇಳಿದ್ದು ಅರ್ಥವಾಗುತ್ತದೆ, ಬೆರಳು ತೋರಿಸುತ್ತಾನೆ. ಆಡುವ ಮಾತು ಮಾತ್ರ ತಡವಾಗಿ, ತಿಳಿಯುವ ಮಾತು ಸರಿಯಾಗಿದ್ದರೆ ಮುಂದಿನ ದಾರಿ ಎಷ್ಟೋ ಸಲೀಸು.

ಬೆರಳು ತೋರಿಸುವುದರಲ್ಲೂ ಎರಡು ಬಗೆ ಇದೆ. "ಅದು ಕೊಡು" ಅನ್ನಲು ತೋರಿಸುವುದು ಒಂದು. "ಅಲ್ಲಿ ನೋಡು, ಹಕ್ಕಿ!" ಅನ್ನುವ ಹಾಗೆ ತೋರಿಸಿ, ನೀವು ನೋಡಿದಿರಾ ಅಂತ ತಿರುಗಿ ನಿಮ್ಮ ಮುಖ ನೋಡುವುದು ಇನ್ನೊಂದು. ನಾಳೆ ಈ ಎರಡನೆಯದನ್ನು ಗಮನಿಸಿ. ತನಗೆ ಕಂಡದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳುವ ಆಸೆ ಅದು, ಮಾತು ಹುಟ್ಟುವುದೇ ಆ ಆಸೆಯಿಂದ. ಅದು ಇದ್ದರೆ ಒಳ್ಳೆಯದು. ಇಲ್ಲವೇ ಇಲ್ಲ ಅಂತಾದರೆ, ಅಥವಾ ಹೆಸರು ಹಿಡಿದು ಕರೆದಾಗ ನೋಡುವುದಿಲ್ಲ, ಕಣ್ಣು ಸೇರಿಸುವುದಿಲ್ಲ, ಮೊದಲು ಆಡುತ್ತಿದ್ದ ಪದ ಬಿಟ್ಟುಹೋಗಿದೆ ಅಂತಾದರೆ, ನನ್ನ ಉತ್ತರದ ಉಳಿದ ಭಾಗಕ್ಕೆ ಕಾಯಬೇಡಿ. ಮಕ್ಕಳ ಬೆಳವಣಿಗೆ ನೋಡುವ ವೈದ್ಯರ ಹತ್ತಿರ ಈ ವಾರವೇ ಹೋಗಿ. ಬಂದ ಮಾತು ಹೋಗುವುದು ಯಾವ ವಯಸ್ಸಿನಲ್ಲೂ ಕಾದು ನೋಡುವ ವಿಷಯ ಅಲ್ಲ.

ಇನ್ನು ಐದು ಪದ ಅಂದಿರಲ್ಲ, ಅದನ್ನು ಸರಿಯಾಗಿ ಎಣಿಸಿ. ನಾಯಿಗೆ ಪ್ರತಿ ಸಲ "ಬೌ" ಅಂದರೆ ಅದೂ ಪದವೇ. ನೀರಿಗೆ "ಈಯ" ಅಂದರೂ ಪದವೇ. ಆಕೆಯ ಭಾಷೆಯದೂ ಸೇರಿಸಿ. ಬಹಳ ತಾಯಂದಿರು ಮೊದಲು ಐದು ಅಂದು, ಒಂದು ವಾರ ಬರೆದಿಟ್ಟ ಮೇಲೆ ಹನ್ನೆರಡು ಅಂತ ಪಟ್ಟಿ ತಂದಿದ್ದಾರೆ. ಪಟ್ಟಿಯನ್ನು ಆಕೆಯಿಂದಲೂ ಬರೆಸಿ, ಅಥವಾ ಆಕೆ ಹೇಳಲಿ, ನೀವು ಬರೆದುಕೊಳ್ಳಿ. ದಿನದ ಒಂಬತ್ತು ಗಂಟೆ ಮಗುವಿನ ಮಾತು ಕೇಳುವುದು ಆಕೆಯೇ ಅಲ್ವಾ?

ಯಾರು ಏನೇ ಹೇಳಲಿ, ಮೊದಲ ಹೆಜ್ಜೆ ಕಿವಿ ಪರೀಕ್ಷೆ. "ಅವನಿಗೆ ಚೆನ್ನಾಗಿ ಕೇಳಿಸುತ್ತೆ, ಬಾಗಿಲು ಬಡಿದರೆ ತಿರುಗುತ್ತಾನೆ" ಅನ್ನುವುದು ಸಾಕ್ಷಿ ಅಲ್ಲ. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿ ತಮಟೆಯ ಹಿಂದೆ ನೀರು ನಿಂತಿರಬಹುದು. ಎಷ್ಟೋ ಸಲ ನೋವೂ ಇರುವುದಿಲ್ಲ, ಜ್ವರವೂ ಇರುವುದಿಲ್ಲ. ಆ ಮಗುವಿಗೆ ಸದ್ದು ಕೇಳುತ್ತದೆ, ಆದರೆ ನೀರೊಳಗೆ ಮುಳುಗಿ ಕೇಳಿದ ಹಾಗೆ. "ಸ", "ಶ", "ತ" ಮುಂತಾದ ಮೆಲು ಸದ್ದುಗಳು ಕಳೆದೇ ಹೋಗುತ್ತವೆ. ಇದಕ್ಕೆ ಚಿಕಿತ್ಸೆ ಇದೆ. ಕಿವಿಯ ಪರೀಕ್ಷೆಗಳಲ್ಲಿ ಒಳಗಿವಿ ಸದ್ದಿಗೆ ಸ್ಪಂದಿಸುತ್ತದೆಯಾ ನೋಡುವ ಓಎಇ, ಸದ್ದು ಕಿವಿಯ ನರದ ಮೂಲಕ ಮಿದುಳಿಗೆ ತಲುಪುವುದನ್ನು ನೋಡುವ ಬೇರಾ, ತಮಟೆಯ ಚಲನೆ ನೋಡುವ ಟಿಂಪನೋಮೆಟ್ರಿ ಅಂತ ಇವೆ. ಯಾವುದರಲ್ಲೂ ನೋವಿಲ್ಲ. ಹುಟ್ಟಿದಾಗ ಮಾಡಿದ ಪರೀಕ್ಷೆ ಸರಿಯಾಗಿತ್ತು ಅಂತ ಈಗ ಬಿಡಬೇಡಿ.

ಈಗ ಹಿರಿಯರ ಮಾತು. ಗಂಡು ಮಕ್ಕಳು ಹೆಣ್ಣು ಮಕ್ಕಳಿಗಿಂತ ಕೊಂಚ ತಡವಾಗಿ ಮಾತಾಡುತ್ತಾರೆ ಅನ್ನುವುದು ನಿಜ. ಆದರೆ ಸರಾಸರಿ ವ್ಯತ್ಯಾಸ ಒಂದೆರಡು ತಿಂಗಳದ್ದು, ವರ್ಷದ್ದಲ್ಲ. "ಅವರಪ್ಪನೂ ಹಾಗೇ ಇದ್ದ" ಅನ್ನುವುದನ್ನು ಮನೆಯಲ್ಲಿ ಸಮಾಧಾನಕ್ಕೆ ಹೇಳುತ್ತಾರೆ. ನಾನು ಅದನ್ನು ಇನ್ನಷ್ಟು ಎಚ್ಚರದಿಂದ ಕೇಳುತ್ತೇನೆ. ಮಾತಿನ ತೊಂದರೆ ಕುಟುಂಬದಲ್ಲಿ ಹರಿದು ಬರುವುದುಂಟು. ತಡವಾಗಿ ಮಾತು ಶುರು ಮಾಡುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೂರು ವರ್ಷದ ಸುಮಾರಿಗೆ ತಾವಾಗೇ ಸರಿಹೋಗುತ್ತಾರೆ. ಕಷ್ಟ ಎಲ್ಲಿ ಅಂದರೆ, ಯಾವ ಮಗು ಆ ಅರ್ಧದಲ್ಲಿದೆ ಅಂತ ಮೊದಲೇ ಖಚಿತವಾಗಿ ಹೇಳಲು ಆಗುವುದಿಲ್ಲ. ಅದಕ್ಕೇ ಸುಮ್ನೆ ಕಾಯುವುದಕ್ಕೆ ನಾನು ಒಪ್ಪುವುದಿಲ್ಲ.

ಗೆಳತಿಯ ಮಾತು ಪೂರ್ತಿ ತಪ್ಪು. ಎರಡು ಭಾಷೆ ಮಗುವಿನ ಮಾತನ್ನು ತಡ ಮಾಡುವುದಿಲ್ಲ. ಪದಗಳು ಎರಡು ಭಾಷೆಗೂ ಹಂಚಿಹೋಗಿರುತ್ತವೆ, ಒಂದೇ ಭಾಷೆಯದನ್ನು ಎಣಿಸಿದರೆ ಕಡಿಮೆ ಅನ್ನಿಸುತ್ತದೆ ಅಷ್ಟೇ. ಒಂದೇ ವಾಕ್ಯದಲ್ಲಿ ಎರಡನ್ನೂ ಬೆರೆಸಿದರೆ ಅದು ಗೊಂದಲ ಅಲ್ಲ, ಕೈಗೆ ಸಿಕ್ಕ ಪದ ಬಳಸುವ ಜಾಣತನ. ಇಲ್ಲೊಂದು ಮುಖ್ಯವಾದ ಮಾತು. ನೋಡಿಕೊಳ್ಳುವಾಕೆಗೆ "ನಮ್ಮ ಭಾಷೆಯಲ್ಲೇ ಮಾತಾಡಿಸಿ" ಅಂತ ನೀವು ಹೇಳಿದ್ದರೆ, ಇವತ್ತೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳಿ. ಸರಿಯಾಗಿ ಬಾರದ ಭಾಷೆಯಲ್ಲಿ ಮನುಷ್ಯ "ಬಾ", "ಕೂತ್ಕೋ", "ಬೇಡ" ಅನ್ನುವಷ್ಟರಲ್ಲೇ ನಿಲ್ಲುತ್ತಾನೆ. ತನ್ನ ಭಾಷೆಯಲ್ಲಾದರೆ ಕಥೆ ಹೇಳುತ್ತಾನೆ, ಹಾಡುತ್ತಾನೆ, ಗದರುತ್ತಾನೆ, ಮುದ್ದು ಮಾಡುತ್ತಾನೆ. ಮಗುವಿಗೆ ಬೇಕಿರುವುದು ಆ ಹರಿಯುವ ಮಾತು.

ಫೋನಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಅಮೆರಿಕದ ಸಂಶೋಧಕಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಇಂಗ್ಲಿಷ್ ಮಾತ್ರ ಕೇಳುತ್ತಿದ್ದ ಒಂಬತ್ತು ತಿಂಗಳ ಶಿಶುಗಳು ಅವು. ಕೆಲವು ಶಿಶುಗಳನ್ನು ಚೀನಾದ ಮ್ಯಾಂಡರಿನ್ ಆಡುವವರು ಎದುರಿಗೆ ಕೂತು 12 ಸಲ ಆಡಿಸಿದರು, ಪುಸ್ತಕ ಓದಿ ಹೇಳಿದರು. ಬೇರೆ ಕೆಲವಕ್ಕೆ ಅದೇ ಜನ, ಅದೇ ಮಾತು, ಆದರೆ ಪರದೆಯ ಮೇಲೆ. ಎದುರಿಗೆ ಮನುಷ್ಯರಿದ್ದ ಶಿಶುಗಳು ಆ ಭಾಷೆಯ ಸದ್ದುಗಳನ್ನು ಗುರುತಿಸಲು ಕಲಿತವು. ಪರದೆ ನೋಡಿದವು ಏನೂ ಕಲಿಯಲಿಲ್ಲ. ಕಾರಣ ಸರಳ. ಮಗು "ಆ" ಅಂದರೆ ಪರದೆ ತಿರುಗಿ ನೋಡುವುದಿಲ್ಲ. ಮಗು ಬೆರಳು ಮಾಡಿದರೆ ಅದು ನಿಲ್ಲುವುದಿಲ್ಲ, ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆ ಹೀಗಿದೆ: ಎರಡು ವರ್ಷದೊಳಗಿನ ಮಕ್ಕಳಿಗೆ ಕೂರಿಸಿ ಪರದೆ ತೋರಿಸಬೇಡಿ, ಆಮೇಲೆ ಐದು ವರ್ಷ ತುಂಬುವ ತನಕ ದಿನಕ್ಕೆ ಒಂದು ಗಂಟೆ ಮೀರಬೇಡಿ, ಕಡಿಮೆಯಾದಷ್ಟೂ ಒಳ್ಳೆಯದು. ಮನೆಮಂದಿ ವೀಡಿಯೊ ಕರೆಯಲ್ಲಿ ಮಗುವಿನ ಜೊತೆ ಮಾತಾಡುವುದು ಬೇರೆ, ಅಲ್ಲಿ ಉತ್ತರ ಕೊಡುವ ಮನುಷ್ಯ ಇದ್ದಾರೆ. ಯಾರೂ ನೋಡದೆ ಓಡುತ್ತಿರುವ ಟಿವಿಯೂ ಲೆಕ್ಕಕ್ಕೆ ಬರುತ್ತದೆ. ಅದು ಹಾಕಿದ್ದರೆ ದೊಡ್ಡವರು ಮಗುವಿನ ಜೊತೆ ಆಡುವ ಮಾತು ಕಡಿಮೆಯಾಗುತ್ತದೆ. ಫೋನ್ ಮಗುವಿನ ಮಿದುಳು ಸುಟ್ಟುಹಾಕುತ್ತದೆ ಅಂತೆಲ್ಲ ಹೆದರಿಸುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಆದರೆ ದಿನಕ್ಕೆ ಎರಡು ಮೂರು ಗಂಟೆ ಅಂದರೆ, ಅವನು ಎಚ್ಚರವಿರುವ ಹೊತ್ತಿನಲ್ಲಿ ಅಷ್ಟು ಭಾಗ ಮಾತುಕತೆಯಿಂದ ಹೋಯಿತು ಅಂತ.

ಇನ್ನೊಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಆಕೆ ಯಾಕೆ ಫೋನ್ ಕೊಡುತ್ತಾರೆ? ಅಡುಗೆ, ಪಾತ್ರೆ, ಬಟ್ಟೆ, ನೆಲ, ಇದರ ಮಧ್ಯೆ ಓಡಾಡುವ 20 ತಿಂಗಳ ಮಗು. ಒಂದೇ ಜೋಡಿ ಕೈ. ಹೀಗಿರುವಾಗ ಫೋನ್ ಆ ಮನೆಯ ಎರಡನೇ ಆಯಾ ಆಗಿಬಿಡುತ್ತದೆ. ಮಗುವನ್ನು ನೋಡಿಕೊಳ್ಳುವುದೇ ಪೂರ್ತಿ ಕೆಲಸ. ಬೇರೆ ಕೆಲಸ ಆಕೆಯಿಂದ ತೆಗೆಯಿರಿ, ಇಲ್ಲವೇ ಅವನು ಮಧ್ಯಾಹ್ನ ಮಲಗುವ ಹೊತ್ತಿಗಷ್ಟೇ ಇಡಿ. ಅದರಲ್ಲೂ ಆಕೆಗೆ ಕೂತು ಉಸಿರು ಬಿಡಲು ಅರ್ಧ ಗಂಟೆ ಉಳಿಯಲಿ. ಕೆಲಸ ಕಡಿಮೆಯಾಯಿತು ಅಂತ ಸಂಬಳ ಕಡಿಮೆ ಮಾಡಬೇಡಿ. ಇಷ್ಟು ಮಾಡದೆ "ಫೋನ್ ಕೊಡಬೇಡಿ" ಅಂದರೆ, ನಿಮ್ಮ ಎದುರು ಕೊಡುವುದಿಲ್ಲ, ಅಷ್ಟೇ ಬದಲಾಗುತ್ತದೆ.

ಊಟದ ಫೋನ್ ನಿಲ್ಲಿಸಲು ರಜೆಯ ದಿನ ಆರಿಸಿಕೊಳ್ಳಿ. ಸ್ವಲ್ಪ ಸ್ವಲ್ಪ ಕಡಿಮೆ ಮಾಡುವುದಕ್ಕಿಂತ ಪೂರ್ತಿ ಎತ್ತಿಡುವುದು ಈ ವಯಸ್ಸಿಗೆ ಸುಲಭ. ಮೂರು ನಾಲ್ಕು ದಿನ ಜೋರು ಗಲಾಟೆ ಇರುತ್ತದೆ, ಊಟವೂ ಕಡಿಮೆಯಾಗಬಹುದು. ಆರೋಗ್ಯವಾಗಿರುವ ಮಗು ಎರಡು ಹೊತ್ತು ಕಡಿಮೆ ತಿಂದರೆ ಅಪಾಯವಿಲ್ಲ. ಅವನೇ ಕೈಯಿಂದ ತಿನ್ನಲಿ, ಚೆಲ್ಲಲಿ. 20 ನಿಮಿಷ ಆದ ಮೇಲೆ ತಟ್ಟೆ ಎತ್ತಿ. ಮನೆಯಲ್ಲಿ ಯಾರೂ, ನೀವೂ ಸೇರಿ, ಅವನ ಮುಂದೆ ಊಟ ಮಾಡುವಾಗ ಫೋನ್ ಹಿಡಿಯಬೇಡಿ.

ಹಾಗಾದರೆ ಮಾತು ಬೆಳೆಯುವುದು ಹೇಗೆ? "ಮಾತಿಗೆ ಮಾತು ಬೆಳೆಯಿತು" ಅಂತ ನಾವು ಜಗಳದ ಬಗ್ಗೆ ಹೇಳುತ್ತೇವೆ. ಮಗುವಿನ ಮಾತು ನಿಜವಾಗಿ ಹಾಗೇ ಬೆಳೆಯುತ್ತದೆ. ಅವನ ಒಂದು ಸದ್ದು, ನಿಮ್ಮ ಒಂದು ಮಾತು, ಮತ್ತೆ ಅವನದು. ಮಗುವಿನ ಮುಂದೆ ಎಷ್ಟು ಪದ ಸುರಿದಿರಿ ಅನ್ನುವುದಕ್ಕಿಂತ ಇಂಥ ಸರದಿ ಎಷ್ಟು ಸಲ ನಡೆಯಿತು ಅನ್ನುವುದು ಹೆಚ್ಚು ಮುಖ್ಯ. ನಾನು ತಂದೆ ತಾಯಿಯರಿಗೆ ಕಲಿಸುವ ಒಂದೇ ಒಂದು ಕೌಶಲ ಯಾವುದು ಅಂದರೆ, ಕಾಯುವುದು. ಅವನು ಕಿಟಕಿ ಕಡೆ ಕೈ ಮಾಡಿ "ಊ" ಅಂದ ಅಂದುಕೊಳ್ಳಿ. ನೀವು ಅವನ ಮಟ್ಟಕ್ಕೆ ಕೂತು, ಅಲ್ಲೇ ನೋಡಿ, "ಓ, ಮಳೆ!" ಅನ್ನಿ. ಆಮೇಲೆ ಬಾಯಿ ಮುಚ್ಚಿ. ಮನಸ್ಸಿನಲ್ಲೇ ಐದರ ತನಕ ಎಣಿಸಿ. ಅವನ ಮುಖ ನೋಡುತ್ತಿರಿ. ಅವನು ಏನಾದರೂ ಮಾಡುತ್ತಾನೆ, ಒಂದು ಸದ್ದು, ಒಂದು ಕುಣಿತ, ಒಂದು ನೋಟ. ಅದೇ ಅವನ ಸರದಿ. "ಹೌದು, ಮಳೆ ಬಂತು. ಟಪ ಟಪ." ಮತ್ತೆ ಕಾಯಿರಿ. ನಾವು ದೊಡ್ಡವರು ಆ ಐದು ಕ್ಷಣ ತಡೆಯಲಾರದೆ ಅವನ ಸರದಿಯನ್ನೂ ನಾವೇ ಆಡಿಬಿಡುತ್ತೇವೆ.

ಬೆರಳು ಮಾಡಿದ್ದನ್ನು ತಕ್ಷಣ ಕೈಗಿಡಬೇಡಿ. ಹಾಗಂತ "ಹೇಳಿದರೆ ಮಾತ್ರ ಕೊಡುತ್ತೇನೆ" ಅಂತ ಹಟ ಹಿಡಿದು ಅಳಿಸಲೂಬೇಡಿ. "ಚೆಂಡಾ? ಚೆಂಡು ಬೇಕಾ? ತಗೋ ಚೆಂಡು." ಇಷ್ಟು ಸಾಕು. "ಇದೇನು? ಅದೇನು? ಹೇಳು ಹೇಳು" ಅಂತ ದಿನವಿಡೀ ಪರೀಕ್ಷೆ ಮಾಡಿದರೆ, ಮಾತು ತಡವಾದ ಮಕ್ಕಳು ಇನ್ನಷ್ಟು ಬಾಯಿ ಮುಚ್ಚುತ್ತಾರೆ. ಚಿತ್ರದ ಕಾರ್ಡು, ಬುದ್ಧಿ ಬೆಳೆಸುವ ಆಟಿಕೆ ಅಂತ ದುಡ್ಡು ಸುರಿಯಬೇಡಿ. ಮುಚ್ಚಳ ಹಾಕಿ ತೆಗೆಯುವ ಡಬ್ಬಿ, ಹಳೆ ಬಟ್ಟೆ, ನೀರು, ಒಂದೇ ಚಿತ್ರಪುಸ್ತಕವನ್ನು ನೂರು ಸಲ ನೋಡುವುದು, ಇಷ್ಟರಲ್ಲೇ ಬೇಕಾದಷ್ಟು ಇದೆ.

ಇದನ್ನೆಲ್ಲ ಓದು ಕಡಿಮೆ ಇರುವವರು ಮಾಡಬಲ್ಲರಾ? ಬಲ್ಲರು. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1980ರ ದಶಕದ ಕೊನೆಯ ಭಾಗದಲ್ಲಿ ಬಡ ಮನೆಗಳ, ಬೆಳವಣಿಗೆ ಕುಂಠಿತವಾದ 129 ಪುಟ್ಟ ಮಕ್ಕಳನ್ನು ಆರಿಸಿ ಒಂದು ಅಧ್ಯಯನ ನಡೆಯಿತು. ಅರ್ಧದಷ್ಟು ಮಕ್ಕಳ ಮನೆಗೆ ವಾರಕ್ಕೊಮ್ಮೆ, ಒಂದು ಗಂಟೆ, ಎರಡು ವರ್ಷ ಆರೋಗ್ಯ ಕಾರ್ಯಕರ್ತೆಯರು ಹೋದರು. ಅವರು ದೊಡ್ಡ ತಜ್ಞರಲ್ಲ, ತರಬೇತಿ ಪಡೆದ ಅಲ್ಲಿನ ಸಾಮಾನ್ಯ ಹೆಂಗಸರು. ಮನೆಯಲ್ಲೇ ಮಾಡಿದ ಆಟಿಕೆ ಹಿಡಿದು, ಮಗುವಿನ ಜೊತೆ ಹೇಗೆ ಆಡಬೇಕು, ಹೇಗೆ ಮಾತಾಡಬೇಕು ಅಂತ ತಾಯಿಗೆ ತೋರಿಸಿಕೊಟ್ಟರು. ಸುಮಾರು 20 ವರ್ಷದ ನಂತರ ನೋಡಿದಾಗ, ಆ ಆಟ ಸಿಕ್ಕ ಮಕ್ಕಳ ಸಂಪಾದನೆ ಸಿಗದವರಿಗಿಂತ 25% ಜಾಸ್ತಿ ಇತ್ತು. ಈ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ನನ್ನ ಕೆಲಸದಲ್ಲಿ ನಾನು ಮತ್ತೆ ಮತ್ತೆ ನೆನೆಯುವ ಅಧ್ಯಯನ ಇದು. ನಿಮ್ಮ ಮನೆಯಲ್ಲಿ ಪ್ರೀತಿ ಇರುವ ಒಬ್ಬರು ಈಗಾಗಲೇ ಇದ್ದಾರೆ. ಆಕೆಗೆ ಯಾರಾದರೂ ತೋರಿಸಿಕೊಡಬೇಕು, ಅಷ್ಟೇ. ಮಾತಿನ ತಜ್ಞರ ಹತ್ತಿರ ಹೋಗುವಾಗ ಆಕೆಯನ್ನೂ ಕರೆದುಕೊಂಡು ಹೋಗಿ. ಇದನ್ನು ಮಾಡುವವರು ತುಂಬಾ ಕಡಿಮೆ. ಮಾಡಿದವರ ಮಕ್ಕಳಲ್ಲಿ ಬದಲಾವಣೆ ಬೇಗ ಕಾಣುತ್ತದೆ ಅನ್ನುವುದು ನನ್ನ ಅನುಭವ.

ಇನ್ನು ಆ "ಅಮ್ಮ". ಆ ರಾತ್ರಿ ನೀವು ಹೇಗಿದ್ದಿರಿ ಅಂತ ನನಗೆ ಅರ್ಥವಾಗುತ್ತದೆ. ಆದರೆ ಐದು ಪದ ಇರುವ ಮಗುವಿಗೆ "ಅಮ್ಮ" ಅಂದರೆ ನಿಮ್ಮ ಹೆಸರು ಅಲ್ಲ. "ನನ್ನನ್ನು ಎತ್ತಿಕೋ" ಅನ್ನುವುದಕ್ಕೆ ಅವನ ಹತ್ತಿರ ಇರುವ ಪದ ಅದೊಂದೇ. ಬಿದ್ದಾಗ ಆಕೆಯ ಹತ್ತಿರ ಓಡಿದ್ದು, ಹಗಲು ಹೊತ್ತು ಅವನಿಗೆ ಭದ್ರತೆ ಇದೆ ಅನ್ನುವುದಕ್ಕೆ ಸಾಕ್ಷಿ. ನೋಡಿಕೊಳ್ಳುವವರನ್ನು ಕಂಡರೆ ಮುದುಡುವ ಮಗು, ಬಿದ್ದರೂ ಯಾರ ಹತ್ತಿರವೂ ಹೋಗದ ಮಗು, ಅಂಥದ್ದನ್ನು ಕಂಡರೆ ನಾನು ಹೆದರುತ್ತೇನೆ.

ತಾಯಿ ಒಬ್ಬಳೇ ಸದಾ ಜೊತೆಗಿರಬೇಕು ಅನ್ನುವ ನಂಬಿಕೆ ಬಹಳ ಕಾಲ ಇತ್ತು. ಅಮೆರಿಕದಲ್ಲಿ 1991ರಿಂದ 1,300ಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿದಾಗಿನಿಂದ ಹಿಂಬಾಲಿಸಿದ ದೊಡ್ಡ ಅಧ್ಯಯನ ಅದನ್ನು ಪರೀಕ್ಷೆಗೆ ಹಚ್ಚಿತು. ಬೇರೆಯವರು ನೋಡಿಕೊಂಡ ಮಾತ್ರಕ್ಕೆ ತಾಯಿ-ಮಗುವಿನ ನಂಟು ಸಡಿಲವಾಗುವುದಿಲ್ಲ ಅಂತ ಕಂಡುಬಂತು. ತಾಯಿ ಮಗುವಿಗೆ ಸ್ಪಂದಿಸುವ ರೀತಿಯೇ ಆ ನಂಟನ್ನು ಹೆಚ್ಚಾಗಿ ನಿರ್ಧರಿಸುತ್ತಿತ್ತು. ಅದರ ಜೊತೆಗೆ, ನೋಡಿಕೊಳ್ಳುವ ಗುಣಮಟ್ಟ ಚೆನ್ನಾಗಿದ್ದರೆ ಮಾತೂ ಚೆನ್ನಾಗಿ ಬೆಳೆಯುತ್ತಿತ್ತು. ಅದೇ ಅಧ್ಯಯನದಲ್ಲಿ ಅಪಾಯದ ಕಡೆಯೂ ಇದೆ. ತಾಯಿಯ ಸ್ಪಂದನೆ ಕಡಿಮೆಯಿದ್ದು, ಅದರ ಜೊತೆಗೆ ಹೊರಗಿನ ಆರೈಕೆ ಕಳಪೆಯಾಗಿದ್ದರೆ ಅಥವಾ ನೋಡಿಕೊಳ್ಳುವ ವ್ಯವಸ್ಥೆ ಬದಲಾಗುತ್ತಿದ್ದರೆ, ಆಗ ನಂಟು ಸಡಿಲವಾಗುವುದು ಹೆಚ್ಚು. ಬದಲಾವಣೆ ಅನ್ನುವ ಈ ಪದವನ್ನು ನೆನಪಿಟ್ಟುಕೊಳ್ಳಿ.

ಬೆಳಿಗ್ಗೆ ಅವನಿಗೆ ಗೊತ್ತಾಗದ ಹಾಗೆ ಕದ್ದು ಹೊರಡುತ್ತಿದ್ದರೆ ನಿಲ್ಲಿಸಿ. ಅವನು ಅಳಲಿ, ಆದರೆ ಹೇಳಿ ಹೋಗಿ. ಹೇಳದೆ ಮಾಯವಾಗುವ ಅಮ್ಮ ಯಾವ ಕ್ಷಣದಲ್ಲೂ ಮಾಯವಾಗಬಹುದು ಅಂತ ಮಗು ಕಲಿಯುತ್ತದೆ, ಇಡೀ ದಿನ ಅಂಟಿಕೊಳ್ಳುತ್ತದೆ. ಸಂಜೆ ನಿಮ್ಮನ್ನು ನೋಡಿದ ಕೂಡಲೇ ರಂಪ ಮಾಡಿದರೆ ಅದನ್ನು ತಿರಸ್ಕಾರ ಅಂದುಕೊಳ್ಳಬೇಡಿ. ಹಗಲೆಲ್ಲ ತಡೆದುಕೊಂಡದ್ದನ್ನು ನಿಮ್ಮ ಮುಂದೆ ಬಿಚ್ಚುತ್ತಾನೆ. ಬಂದ ಮೊದಲ ಅರ್ಧ ಗಂಟೆ ಚೀಲ, ಫೋನ್ ಪಕ್ಕಕ್ಕಿಟ್ಟು ನೆಲದ ಮೇಲೆ ಕೂತುಬಿಡಿ.

ಇಷ್ಟಾದ ಮೇಲೆ ನಿಮ್ಮ ಮೂರು ಪ್ರಶ್ನೆಗಳು. ಕೆಲಸ ಬಿಡುವುದು ನಿಮ್ಮ ಆಯ್ಕೆ. ಮನೆಯಲ್ಲಿರಬೇಕು ಅಂತ ಮನಸ್ಸಿದ್ದರೆ, ಹಣಕಾಸು ಒಪ್ಪಿದರೆ ಬಿಡಿ. ಮಾತು ಬರಲಿ ಅನ್ನುವ ಒಂದೇ ಕಾರಣಕ್ಕೆ ಬಿಟ್ಟು, ದುಡ್ಡಿನ ಚಿಂತೆಯಲ್ಲಿ, ಅಪರಾಧಿ ಭಾವದಲ್ಲಿ ಕೂತರೆ ಮಗುವಿಗೆ ಅದರಿಂದ ಲಾಭವಿಲ್ಲ. ಡೇಕೇರ್‌ನಲ್ಲಿ ಬೇರೆ ಮಕ್ಕಳು ಸಿಗುತ್ತಾರೆ, ನಿಜ. ಆದರೆ ಈ ವಯಸ್ಸಿನ ಮಕ್ಕಳು ಮಾತು ಕಲಿಯುವುದು ಹೆಚ್ಚಾಗಿ ದೊಡ್ಡವರಿಂದ. ಒಬ್ಬ ಟೀಚರ್‌ಗೆ ನಾಲ್ಕು ಮಕ್ಕಳಿಗಿಂತ ಜಾಸ್ತಿ ಇದ್ದರೆ ಸರದಿಯ ಮಾತಿಗೆ ಜಾಗ ಸಿಗುವುದು ಕಷ್ಟ. ಮೊದಲ ವರ್ಷ ನೆಗಡಿ, ಕಿವಿ ಸೋಂಕು ಹೆಚ್ಚು, ಮಾತು ತಡವಾದ ಮಗುವಿಗೆ ಅದೂ ಲೆಕ್ಕವೇ. ನೋಡಲು ಹೋದರೆ ಗೋಡೆಯ ಚಿತ್ರ ನೋಡಬೇಡಿ. ಅಳುವ ಮಗುವಿನ ಹತ್ತಿರ ಯಾರು, ಎಷ್ಟು ಬೇಗ ಹೋಗುತ್ತಾರೆ ನೋಡಿ. ಓದಿಕೊಂಡ ಬೇರೆಯವರನ್ನು ಇಟ್ಟುಕೊಳ್ಳುವುದು ನನ್ನ ಪ್ರಕಾರ ಮೂರರಲ್ಲಿ ಕೆಟ್ಟ ಆಯ್ಕೆ. ಒಂದು ವರ್ಷದಿಂದ ಅವನನ್ನು ಹಿಡಿದಿರುವ ಕೈ ಒಂದು ದಿನ ಕಾಣೆಯಾದರೆ ಅವನಿಗೆ ಅದು ನಷ್ಟ. ತನ್ನ ದುಃಖ ಹೇಳಿಕೊಳ್ಳಲು ಅವನಿಗೆ ಪದಗಳೂ ಇಲ್ಲ.

ಆಕೆಯನ್ನು ಬದಲಿಸಲೇಬೇಕಾದ ಸಂದರ್ಭಗಳೂ ಇವೆ. ಹೊಡೆಯುವುದು, ಕುಲುಕುವುದು, ಹೆದರಿಸುವುದು, ನಿದ್ದೆ ಬರಲಿ ಅಂತ ಕೆಮ್ಮಿನ ಸಿರಪ್ ಕುಡಿಸುವುದು, ಇವುಗಳಲ್ಲಿ ಒಂದು ಕಂಡರೂ ಮರುದಿನದ ತನಕ ಕಾಯಬೇಡಿ. ಪುಟ್ಟ ಮಗುವನ್ನು ಜೋರಾಗಿ ಕುಲುಕಿದರೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ಅಂಥ ಸಿರಪ್‌ನಿಂದ ಉಸಿರಾಟ ನಿಲ್ಲಬಹುದು. ಆಕೆಗೆ ಹೀಗೆ ಹೇಳಿಡಿ: "ಅವನು ಅಳು ನಿಲ್ಲಿಸದೆ ನಿಮಗೆ ಸಿಟ್ಟು ಬಂದರೆ, ಸುರಕ್ಷಿತ ಜಾಗದಲ್ಲಿ ಮಲಗಿಸಿ, ಆಚೆ ಬಂದು ನನಗೆ ಫೋನ್ ಮಾಡಿ. ನಾನು ಬೈಯುವುದಿಲ್ಲ." ಆ ಮಾತನ್ನು ಉಳಿಸಿಕೊಳ್ಳಿ. ಬಕೆಟ್‌ನಲ್ಲಿ ನೀರು ತುಂಬಿಡಬಾರದು, ಇಡೀ ಕಾಳು, ಗಟ್ಟಿ ಬೀಜ ಕೊಡಬಾರದು ಅನ್ನುವುದನ್ನು ಒಮ್ಮೆ ಕೂತು ಮಾತಾಡಿ.

ಮುಂದಿನ ನಾಲ್ಕು ತಿಂಗಳು ಹೀಗೆ ಮಾಡಿ. ಎರಡು ವಾರದೊಳಗೆ ಕಿವಿ ಪರೀಕ್ಷೆ ಮುಗಿಸಿ. ಅದೇ ಹೊತ್ತಿಗೆ ಫೋನ್ ನಿಲ್ಲಿಸಿ, ಆಕೆಯ ಕೆಲಸದ ಹೊರೆ ಇಳಿಸಿ. ಪದಗಳ ಪಟ್ಟಿಯನ್ನು ಅಡುಗೆಮನೆ ಗೋಡೆಗೆ ಅಂಟಿಸಿ, ಇಬ್ಬರೂ ಬರೆಯಿರಿ. ಆರು ವಾರದಲ್ಲಿ ಪಟ್ಟಿ ಬೆಳೆಯುತ್ತಿದ್ದರೆ ಮುಂದುವರಿಸಿ. ಬೆಳೆಯದೇ ನಿಂತಿದ್ದರೆ ಎರಡು ವರ್ಷ ತುಂಬುವುದಕ್ಕೂ ಕಾಯದೆ ಮಾತಿನ ತಜ್ಞರನ್ನು ನೋಡಿ. ಬೆಳೆಯುತ್ತಿದ್ದರೂ 24 ತಿಂಗಳಿಗೆ 50 ಪದ, ಎರಡು ಪದದ ಜೋಡಣೆ ಬಾರದಿದ್ದರೆ ಆಗಲೂ ಹೋಗಿ. ಕಿವಿ ಪರೀಕ್ಷೆಯ ವರದಿ ಮತ್ತು ಆ ಪಟ್ಟಿಯ ಫೋಟೋ ನನಗೆ ಕಳಿಸಿ, ನೋಡಿ ಬರೆಯುತ್ತೇನೆ.